ತುರಿಕೆಯ ಮಾತ್ರೆಗೆ ನಿದ್ದೆ, ನೋವಿನ ಮಾತ್ರೆಗೆ ಹೊಟ್ಟೆಹುಣ್ಣು

ಹಿಸ್ಟಮಿನ್ ಮತ್ತು ಪ್ರೊಸ್ಟಗ್ಲಾಂಡಿನ್ ಎರಡೂ ದೇಹ ತನಗೆ ಬೇಕೆಂದು ತಾನೇ ತಯಾರಿಸಿಕೊಳ್ಳುವ ರಾಸಾಯನಿಕಗಳು. ಹಾರ್ಮೋನುಗಳು ರಕ್ತದಲ್ಲಿ ದೂರ ಹರಿದು ಕೆಲಸ ಮಾಡಿದರೆ ಇವು ಹುಟ್ಟಿದ ಜಾಗದ ಆಸುಪಾಸಿನಲ್ಲೇ ಕೆಲಸ ಮುಗಿಸಿ ಸ್ವಲ್ಪ ಹೊತ್ತಿನಲ್ಲೇ ನಾಶವಾಗುತ್ತವೆ. ಚರ್ಮದ ತುರಿಕೆ, ಸುರಿಯುವ ಮೂಗು, ಜಠರದ ಆಮ್ಲ, ಮಿದುಳಿನ ಎಚ್ಚರ, ಜ್ವರ, ಮುಟ್ಟಿನ ನೋವು, ಹೆರಿಗೆ ಇವೆಲ್ಲದರಲ್ಲೂ ಇವೆರಡರಲ್ಲಿ ಒಂದರ ಪಾತ್ರವಿದೆ. ಮನೆಯ ಔಷಧದ ಡಬ್ಬಿಯಲ್ಲಿ ಸಿಗುವ ಸಿಟ್ರಿಜಿನ್, ಏವಿಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್, ಹೃದ್ರೋಗಿಗಳ ಪುಟ್ಟ ಆಸ್ಪಿರಿನ್ ಎಲ್ಲವೂ ಇವುಗಳನ್ನು ತಡೆಯುವ ಮದ್ದುಗಳೇ. ಇಂಥ ಮದ್ದುಗಳ ಅಡ್ಡಪರಿಣಾಮ ಎನ್ನುವುದು ಬಹುಮಟ್ಟಿಗೆ ಅದೇ ಪರಿಣಾಮ ಬೇಡದ ಜಾಗದಲ್ಲಿ ನಡೆದದ್ದು. ಇಷ್ಟು ತಿಳಿದರೆ ಯಾವ ಮಾತ್ರೆ ಯಾರಿಗೆ ಒಗ್ಗುತ್ತದೆ, ಯಾರಿಗೆ ಒಗ್ಗುವುದಿಲ್ಲ ಎಂಬುದು ತಾನಾಗಿ ಬಿಡಿಸಿಕೊಳ್ಳುತ್ತ ಹೋಗುತ್ತದೆ.

ಹಿಸ್ಟಮಿನ್ ಹುಟ್ಟುವುದು ಹಿಸ್ಟಿಡಿನ್ ಎಂಬ ಅಮೈನೊ ಆಮ್ಲದಿಂದ. ಬೇಳೆ, ಹಾಲು, ಮೀನು, ಮಾಂಸ ಎಲ್ಲದರಲ್ಲೂ ಇರುವ ಈ ಅಮೈನೊ ಆಮ್ಲದಿಂದ ಒಂದು ಇಂಗಾಲದ ಡೈಆಕ್ಸೈಡ್ ಅಣು ಕಳಚಿಕೊಂಡರೆ ಹಿಸ್ಟಮಿನ್ ಸಿದ್ಧ. ಈ ಕೆಲಸ ಕೆಲವು ಬ್ಯಾಕ್ಟೀರಿಯಾಗಳಿಗೂ ಗೊತ್ತು. ಬಂಗುಡೆ, ಬೂತಾಯಿ, ಟ್ಯೂನಾದಂಥ ಮೀನುಗಳಲ್ಲಿ ಹಿಸ್ಟಿಡಿನ್ ಹೇರಳ. ಹಿಡಿದ ಮೀನನ್ನು ಸಕಾಲಕ್ಕೆ ಐಸಿನಲ್ಲಿ ಇಡದೆ ಬಿಸಿಲಿಗೆ ಬಿಟ್ಟರೆ ಬ್ಯಾಕ್ಟೀರಿಯಾಗಳು ಅದರಲ್ಲಿ ಹಿಸ್ಟಮಿನ್ ತುಂಬಿಬಿಡುತ್ತವೆ. ಅದು ಎಷ್ಟು ಕುದಿಸಿದರೂ, ಹುರಿದರೂ ಹೋಗುವುದಿಲ್ಲ. ಅಂಥ ಮೀನು ತಿಂದವರಿಗೆ ಒಂದು ಗಂಟೆಯೊಳಗೆ ಮುಖ ಕೆಂಪೇರಿ, ಮೈ ಬಿಸಿಯಾಗಿ, ದದ್ದು ಎದ್ದು, ತಲೆ ಸಿಡಿಯತೊಡಗುತ್ತದೆ. ಮೀನಿನ ಅಲರ್ಜಿ ಎಂದು ಹಲವರು ಅಂದುಕೊಳ್ಳುವುದು ಇದನ್ನೇ. ನಿಜಕ್ಕೂ ಅದು ಹಿಸ್ಟಮಿನ್ನಿನ ವಿಷಬಾಧೆ. ಮುಂದಿನ ಸಲ ತಾಜಾ ಬಂಗುಡೆ ತಿಂದರೆ ಅವರಿಗೆ ಏನೂ ಆಗದು.

ಪ್ರಯೋಗಶಾಲೆಯಲ್ಲಿ ಹಿಸ್ಟಮಿನ್ ತಯಾರಾದದ್ದು 1907ರಲ್ಲಿ. ಅದು ಪ್ರಾಣಿದೇಹದಲ್ಲಿ ಏನು ಮಾಡುತ್ತದೆ ಎಂಬುದನ್ನು ಮೂರು ವರ್ಷದ ಬಳಿಕ ಇಂಗ್ಲೆಂಡಿನ ಹೆನ್ರಿ ಡೇಲ್ ಮತ್ತು ಪ್ಯಾಟ್ರಿಕ್ ಲೈಡ್ಲಾ ತೋರಿಸಿದರು. ರೈ ಧಾನ್ಯಕ್ಕೆ ಹಿಡಿಯುವ ಎರ್ಗಾಟ್ ಶಿಲೀಂಧ್ರವನ್ನು ಅಭ್ಯಾಸ ಮಾಡುತ್ತಿದ್ದಾಗ ಅವರ ಕೈಗೆ ಈ ವಸ್ತು ಸಿಕ್ಕಿತ್ತು. ಅದನ್ನು ಚುಚ್ಚಿದರೆ ರಕ್ತದೊತ್ತಡ ಕುಸಿಯುತ್ತದೆ, ಗಿನಿಯಿಲಿಯ ಶ್ವಾಸನಾಳ ಬಿಗಿದುಕೊಳ್ಳುತ್ತದೆ. ತೀವ್ರ ಅಲರ್ಜಿಯ ಲಕ್ಷಣಗಳಿಗೂ ಇದಕ್ಕೂ ಗಾಢ ಹೋಲಿಕೆ ಇತ್ತು. 1927ರಲ್ಲಿ ತಾಜಾ ಯಕೃತ್ತು, ಶ್ವಾಸಕೋಶಗಳಿಂದಲೇ ಹಿಸ್ಟಮಿನ್ ಬೇರ್ಪಡಿಸಿದ ಮೇಲೆ ಅದು ದೇಹದ ಸ್ವಂತ ವಸ್ತು ಎಂಬುದು ಖಚಿತವಾಯಿತು.

ದೇಹದ ಹಿಸ್ಟಮಿನ್ನಿನ ಬಹುಪಾಲು ಮಾಸ್ಟ್ ಕೋಶಗಳ ಒಳಗಿನ ಹರಳುಗಳಲ್ಲಿ ಮೊದಲೇ ತಯಾರಾಗಿ ಕೂತಿರುತ್ತದೆ. ಚರ್ಮ, ಮೂಗು, ಶ್ವಾಸನಾಳ, ಕರುಳು, ಹೀಗೆ ಹೊರಗಿನ ಲೋಕ ದೇಹಕ್ಕೆ ತಾಗುವ ಕಡೆಯೆಲ್ಲ ಈ ಕೋಶಗಳಿವೆ. ಅಲರ್ಜಿ ಇರುವವರಲ್ಲಿ ಇವುಗಳ ಮೈತುಂಬ ಐಜಿಇ ಎಂಬ ಪ್ರತಿಕಾಯ ಅಂಟಿಕೊಂಡಿರುತ್ತದೆ. ಪರಾಗವೋ ಧೂಳಿನ ನುಸಿಯ ಕಣವೋ ಬಂದು ಆ ಪ್ರತಿಕಾಯಗಳಿಗೆ ಕೂಡಿಕೊಂಡ ಕೂಡಲೇ ಕೋಶ ತನ್ನ ದಾಸ್ತಾನನ್ನೆಲ್ಲ ಹೊರಚೆಲ್ಲುತ್ತದೆ.

ಹಾಗೆ ಚೆಲ್ಲಿದಾಗ ಏನಾಗುತ್ತದೆ ಎಂದು ಕಣ್ಣಾರೆ ನೋಡಲು ಮುಂಗೈ ಸಾಕು. ಮೊಂಡು ಪೆನ್ನಿನ ತುದಿಯಿಂದ ಚರ್ಮದ ಮೇಲೆ ಒತ್ತಿ ಗೆರೆ ಎಳೆದರೆ ಮೊದಲು ಗೆರೆಯಷ್ಟೇ ಕೆಂಪಾಗುತ್ತದೆ. ಅಲ್ಲಿನ ಸಣ್ಣ ರಕ್ತನಾಳಗಳು ಹಿಗ್ಗಿದ ಗುರುತು ಅದು. ಅರೆನಿಮಿಷದೊಳಗೆ ಕೆಂಪು ಗೆರೆಯ ಅಂಚು ದಾಟಿ ಸುತ್ತಲೂ ಹರಡುತ್ತದೆ, ಏಕೆಂದರೆ ನರದ ತುದಿಗಳು ಸುದ್ದಿಯನ್ನು ಅಕ್ಕಪಕ್ಕಕ್ಕೂ ಮುಟ್ಟಿಸಿವೆ. ಮತ್ತೆರಡು ನಿಮಿಷ ಕಾದರೆ ಸೂಕ್ಷ್ಮ ಚರ್ಮದವರಲ್ಲಿ ಗೆರೆಯೇ ಉಬ್ಬಿ ನಿಲ್ಲುತ್ತದೆ, ರಕ್ತನಾಳದ ಗೋಡೆಯ ಕೋಶಗಳ ನಡುವೆ ಸಂದು ಬಿಟ್ಟು ನೀರು ಹೊರಕ್ಕೆ ಜಿನುಗಿರುತ್ತದೆ. 1920ರ ದಶಕದಲ್ಲಿ ಲಂಡನ್ನಿನ ಥಾಮಸ್ ಲೂಯಿಸ್ ಈ ಮೂರು ಹಂತಗಳನ್ನು ವಿವರಿಸಿದರು. ಸೊಳ್ಳೆ ಕಚ್ಚಿದ ಗುಳ್ಳೆ, ಪಿತ್ತದ ಗಂಧೆ, ತುರಚೆ ಸೊಪ್ಪು ತಾಗಿದ ದದ್ದು ಮೂರರಲ್ಲೂ ನಡೆಯುವುದು ಇದೇ.

ಹಿಸ್ಟಮಿನ್ ಕೆಲಸ ಮಾಡಬೇಕಾದರೆ ಕೋಶದ ಮೇಲಿನ ಗ್ರಾಹಕ ಪ್ರೊಟೀನಿಗೆ ಅಂಟಬೇಕು. ಅಂಥ ಗ್ರಾಹಕಗಳು ನಾಲ್ಕು ಬಗೆ: ಎಚ್1, ಎಚ್2, ಎಚ್3, ಎಚ್4. ತುರಿಕೆ, ಊತ, ಸೀನು ಎಚ್1ರ ಕೆಲಸ. ಮಿದುಳನ್ನು ಎಚ್ಚರವಾಗಿ ಇಡುವುದರಲ್ಲೂ ಅದರದೇ ಪಾತ್ರ. ಜಠರದ ಆಮ್ಲ ಎಚ್2ರದು. ಮಿದುಳಿನಲ್ಲಿ ಹಿಸ್ಟಮಿನ್ ಬಿಡುಗಡೆಗೆ ಕಡಿವಾಣ ಹಾಕುವುದು ಎಚ್3. ಹಗಲುಹೊತ್ತಿನಲ್ಲಿ ತಡೆಯಲಾರದ ನಿದ್ದೆ ಬರುವ ಕಾಯಿಲೆಗೆ ಆ ಕಡಿವಾಣವನ್ನು ಸಡಿಲಿಸುವ ಪಿಟೋಲಿಸಂಟ್ ಎಂಬ ಮದ್ದು ಬಂದಿದೆ. ರೋಗನಿರೋಧಕ ಕೋಶಗಳ ಮೇಲಿರುವ ಎಚ್4ರ ಅಧ್ಯಯನ ಇನ್ನೂ ನಡೆದಿದೆ.

ಹಿಸ್ಟಮಿನ್ ತಡೆಯುವ ಮೊದಲ ವಸ್ತು ಸಿಕ್ಕಿದ್ದು 1937ರಲ್ಲಿ, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ. ಡೇನಿಯಲ್ ಬೊವೆ ಮತ್ತು ಆನ್ ಮರಿ ಸ್ಟಾಬ್ ಕಂಡುಹಿಡಿದ ಆ ವಸ್ತು ಗಿನಿಯಿಲಿಗಳನ್ನು ಕಾಪಾಡಿತಾದರೂ ಮನುಷ್ಯರಿಗೆ ಕೊಡಲಾಗದಷ್ಟು ವಿಷವಾಗಿತ್ತು. ಆದರೆ ದಾರಿ ತೆರೆದಿತ್ತು. 1942ರಲ್ಲಿ ರೋಗಿಗಳಿಗೆ ಕೊಡಬಹುದಾದ ಆಂಟರ್ಗನ್, 1940ರ ದಶಕ ಮುಗಿಯುವುದರೊಳಗೆ ಡೈಫೆನ್‌ಹೈಡ್ರಮೀನ್, ಪ್ರೊಮೆಥಜೀನ್, ಕ್ಲೋರ್‌ಫೆನಿರಮೀನ್ ಬಂದವು. 1957ರ ನೊಬೆಲ್ ಬೊವೆ ಅವರಿಗೆ ಸಂದಿತು.

ಹಿಸ್ಟಮಿನ್ನಿಗೆ ಜಾಗ ಕೊಡದೆ ಗ್ರಾಹಕವನ್ನು ತಾನೇ ಹಿಡಿದು ಕೂರುವುದು ಆಂಟಿಹಿಸ್ಟಮಿನ್ ಎನ್ನುವ ಈ ಮದ್ದುಗಳ ಕೆಲಸ. ಹಿಸ್ಟಮಿನ್ ಇಲ್ಲದಿದ್ದರೂ ಎಚ್1 ಗ್ರಾಹಕ ಅಲ್ಪಸ್ವಲ್ಪ ಚುರುಕಾಗಿಯೇ ಇರುತ್ತದೆ. ಮದ್ದು ಕೂತಾಗ ಗ್ರಾಹಕ ನಿಷ್ಕ್ರಿಯ ರೂಪದಲ್ಲೇ ನಿಂತುಬಿಡುತ್ತದೆ ಎಂಬುದು ಈಚಿನ ತಿಳಿವಳಿಕೆ. ಬಿಡುಗಡೆಯಾಗಿ ಹೋದ ಹಿಸ್ಟಮಿನ್ನನ್ನು ಮಾತ್ರೆ ಹಿಂದಕ್ಕೆ ಕಳಿಸಲಾರದು, ಆಗಲೇ ಆದ ಊತವನ್ನು ತಕ್ಷಣ ಇಳಿಸಲಾರದು. ಧೂಳು ಗುಡಿಸಿ ಸೀನು ಶುರುವಾದ ಮೇಲೆ ನುಂಗುವ ಮಾತ್ರೆಗಿಂತ ಗುಡಿಸುವ ಒಂದೆರಡು ಗಂಟೆ ಮೊದಲು ನುಂಗಿದ್ದು ಹೆಚ್ಚು ಫಲಕಾರಿ ಆಗುವುದು ಇದರಿಂದಲೇ.

ಮೊದಲ ಪೀಳಿಗೆಯ ಈ ಮದ್ದುಗಳು ಕೊಬ್ಬಿನಲ್ಲಿ ಸಲೀಸಾಗಿ ಕರಗುವ ಸಣ್ಣ ಅಣುಗಳು. ಮಿದುಳಿನ ರಕ್ತನಾಳಗಳ ಬಿಗಿಯಾದ ಗೋಡೆ ಇವನ್ನು ತಡೆಯುವುದಿಲ್ಲ. ಮಿದುಳಿನ ಹೈಪೊಥಲಮಸ್ಸಿನಲ್ಲಿ ಹಿಸ್ಟಮಿನ್ ಸ್ರವಿಸುವ ಒಂದು ಪುಟ್ಟ ನರಕೋಶಗಳ ಗುಂಪಿದೆ. ನಾವು ಎಚ್ಚರವಿರುವಾಗ ಅದು ಚುರುಕು, ಗಾಢ ನಿದ್ದೆಯಲ್ಲಿ ಮೌನ. ಏವಿಲ್ ನುಂಗಿದವರು ಬಸ್ಸಿನಲ್ಲಿ ತೂಕಡಿಸುವುದು ಮೂಗಿನಲ್ಲಿ ಆದ ತಡೆಯೇ ಅಲ್ಲಿಯೂ ಆಗಿದ್ದರಿಂದ. ನಿದ್ದೆ ಬಾರದಿದ್ದರೂ ಪ್ರತಿಕ್ರಿಯೆಯ ವೇಗ ಕುಗ್ಗಿರುತ್ತದೆ, ಅದು ನುಂಗಿದವರ ಅರಿವಿಗೇ ಬರುವುದಿಲ್ಲ. ಕ್ಲೋರ್‌ಫೆನಿರಮೀನ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 20 ಗಂಟೆ ಬೇಕು. ರಾತ್ರಿ ನುಂಗಿದ್ದರ ಜಡ ಬೆಳಗ್ಗೆ ಸ್ಟಿಯರಿಂಗ್ ಹಿಡಿದಾಗಲೂ ಉಳಿದಿರುತ್ತದೆ. ಚಾಲಕರಿಗೆ, ಯಂತ್ರದ ಮುಂದೆ ನಿಲ್ಲುವವರಿಗೆ ಈ ಮಾತ್ರೆಗಳನ್ನು ಕೊಡಲೇಬಾರದು.

ಈ ಹಳೆಯ ಮದ್ದುಗಳು ಅಸಿಟೈಲ್‌ಕೊಲಿನ್ ಎಂಬ ಇನ್ನೊಂದು ರಾಸಾಯನಿಕದ ಗ್ರಾಹಕಗಳನ್ನೂ ಮುಚ್ಚುತ್ತವೆ. ಬಾಯಿ ಒಣಗುವುದು, ಮಲಬದ್ಧತೆ, ಕಣ್ಣು ಮಂಜಾಗುವುದು ಅದರ ಫಲ. ಪ್ರಾಸ್ಟೇಟ್ ಹಿಗ್ಗಿದ ಹಿರಿಯರಲ್ಲಿ ಮೂತ್ರ ಕಟ್ಟಬಹುದು, ದಿಕ್ಕುದೆಸೆ ತಿಳಿಯದ ಗಲಿಬಿಲಿ ಕವಿಯಬಹುದು. ಮಕ್ಕಳಲ್ಲಿ ಕೆಲವೊಮ್ಮೆ ತದ್ವಿರುದ್ಧ, ನಿದ್ದೆಯ ಬದಲು ಚಡಪಡಿಕೆ. ನೆಗಡಿ ಸಿರಪ್ಪುಗಳಲ್ಲಿ ಕ್ಲೋರ್‌ಫೆನಿರಮೀನನ್ನು ಫಿನೈಲೆಫ್ರಿನ್ ಜೊತೆ ಬೆರೆಸಿ ಕೊಡುವ ರೂಢಿ ಇದೆ; ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಈ ಮಿಶ್ರಣ ಬಳಸಕೂಡದು ಎಂಬ ಎಚ್ಚರಿಕೆಯನ್ನು ಲೇಬಲ್ ಮೇಲೆ ಮುದ್ರಿಸಬೇಕೆಂದು ಭಾರತದ ಔಷಧ ನಿಯಂತ್ರಕರು 2023ರಲ್ಲಿ ಸೂಚಿಸಿದರು. ವೈರಸ್ಸಿನ ಮಾಮೂಲಿ ನೆಗಡಿಯಲ್ಲಿ ಹಿಸ್ಟಮಿನ್ನಿನ ಪಾತ್ರ ಕಡಿಮೆ, ಮದ್ದಿನ ಪ್ರಯೋಜನವೂ ಕಡಿಮೆ. ಮಗುವಿಗೆ ಆಗುವ ಲಾಭವೆಂದರೆ ಬರೀ ಮಂಪರು.

ಹಾಗೆಂದು ಮಿದುಳಿಗೆ ಹೋಗುವ ಗುಣ ಎಲ್ಲ ಕಡೆಯೂ ಕೆಡುಕಲ್ಲ. ಆಗುಂಬೆ, ಚಾರ್ಮಾಡಿಯ ತಿರುವುಗಳಲ್ಲಿ ವಾಂತಿ ಬರುವವರಿಗೆ ಪ್ರೊಮೆಥಜೀನ್, ಡೈಮೆನ್‌ಹೈಡ್ರಿನೇಟ್ ನೆರವಾಗುವುದು ಆ ಗುಣದಿಂದಲೇ. ಬಸ್ಸು ಹತ್ತುವ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ನುಂಗಬೇಕು. ಅದೇ ಪ್ರಯಾಣಕ್ಕೆ ಫೆಕ್ಸೊಫೆನಡೀನ್ ನುಂಗಿದರೆ ಉಪಯೋಗವಿಲ್ಲ. ಇನ್ನೂ ದೊಡ್ಡ ತಿರುವು ಫ್ರಾನ್ಸಿನಲ್ಲಿ ಆಯಿತು. ಶಸ್ತ್ರಚಿಕಿತ್ಸೆಯ ರೋಗಿಗಳನ್ನು ಪ್ರೊಮೆಥಜೀನ್ ಶಾಂತವಾಗಿ ಇಡುವುದನ್ನು ಕಂಡ ಮೇಲೆ ಅದರ ರಚನೆಯನ್ನು ತಿದ್ದಿ ಕ್ಲೋರ್‌ಪ್ರೊಮಜೀನ್ ತಯಾರಿಸಿದರು. 1952ರಿಂದ ಅದನ್ನು ತೀವ್ರ ಮಾನಸಿಕ ರೋಗಿಗಳಿಗೆ ಕೊಡಲಾಯಿತು. ಮನೋವೈದ್ಯಕೀಯದ ಔಷಧಯುಗ ಒಂದು ಅಲರ್ಜಿ ಮದ್ದಿನ ಅಡ್ಡಪರಿಣಾಮದಿಂದ ಹುಟ್ಟಿತು.

ಎರಡನೆಯ ಪೀಳಿಗೆಯ ಸಿಟ್ರಿಜಿನ್, ಲೊರಾಟಡೀನ್, ಫೆಕ್ಸೊಫೆನಡೀನ್ ಮಿದುಳಿಗೆ ಹೊಕ್ಕುವುದು ಕಡಿಮೆ. ಹೊಕ್ಕ ಅಣುಗಳನ್ನೂ ರಕ್ತನಾಳದ ಗೋಡೆಯಲ್ಲಿರುವ ಒಂದು ಪಂಪ್ ಪ್ರೊಟೀನು ಹೊರತಳ್ಳುತ್ತದೆ. ಇವುಗಳಲ್ಲಿ ಸಿಟ್ರಿಜಿನ್ ಕೆಲವರಿಗೆ ಇನ್ನೂ ತೂಕಡಿಕೆ ತರುತ್ತದೆ, ಫೆಕ್ಸೊಫೆನಡೀನ್ ಬಹುತೇಕ ತರುವುದಿಲ್ಲ. ಆದರೆ ಫೆಕ್ಸೊಫೆನಡೀನನ್ನು ಕಿತ್ತಳೆ, ಸೇಬಿನ ರಸದ ಜೊತೆ ನುಂಗಿದರೆ ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳದು. ಬರೀ ನೀರೇ ಸರಿ. ಸಿಟ್ರಿಜಿನ್ ಮುಖ್ಯವಾಗಿ ಮೂತ್ರದಲ್ಲಿ ಹಾಗೆಯೇ ಹೊರಹೋಗುವುದರಿಂದ ಕಿಡ್ನಿ ದುರ್ಬಲವಾದವರಿಗೆ ಪ್ರಮಾಣ ಇಳಿಸಬೇಕು.

ಫೆಕ್ಸೊಫೆನಡೀನ್ ಬಂದ ಬಗೆಯಲ್ಲಿ ಒಂದು ಪಾಠವಿದೆ. ಅದಕ್ಕೂ ಮುನ್ನ ಟರ್ಫೆನಡೀನ್ ಜನಪ್ರಿಯವಾಗಿತ್ತು. ಅದನ್ನು ನುಂಗಿದ ಕೂಡಲೇ ಯಕೃತ್ತಿನ ಕಿಣ್ವ ಬಹುತೇಕ ಪೂರ್ತಿಯಾಗಿ ಫೆಕ್ಸೊಫೆನಡೀನ್ ಆಗಿ ಬದಲಿಸುತ್ತಿತ್ತು. ಅಲರ್ಜಿ ತಡೆಯುತ್ತಿದ್ದುದು ಈ ಎರಡನೆಯದು. ಎರಿಥ್ರೊಮೈಸಿನ್ ಅಥವಾ ಫಂಗಸ್ಸಿಗೆ ಕೊಡುವ ಕೀಟೊಕೊನಜೋಲ್ ಜೊತೆಗೆ ನುಂಗಿದವರಲ್ಲಿ ಆ ಕಿಣ್ವ ಕೆಲಸ ನಿಲ್ಲಿಸಿ, ಬದಲಾಗದ ಟರ್ಫೆನಡೀನ್ ರಕ್ತದಲ್ಲಿ ಏರಿತು. ಅದು ಹೃದಯದ ಪೊಟ್ಯಾಸಿಯಂ ದಾರಿಗಳನ್ನು ಮುಚ್ಚಿ ಬಡಿತವನ್ನು ಪ್ರಾಣಾಂತಕವಾಗಿ ಕೆಡಿಸಿತು. 1990ರ ದಶಕದ ಕೊನೆಗೆ ಟರ್ಫೆನಡೀನ್ ಅಮೆರಿಕದ ಮಾರುಕಟ್ಟೆಯಿಂದ ಹೊರಬಿತ್ತು, ಅದರ ಜಾಗಕ್ಕೆ ಫೆಕ್ಸೊಫೆನಡೀನ್ ಬಂತು.

ಅಲರ್ಜಿಯ ಎಲ್ಲ ರೂಪಗಳಿಗೂ ಆಂಟಿಹಿಸ್ಟಮಿನ್ ಸಾಲದು. ಉಬ್ಬಸದಲ್ಲಿ ಶ್ವಾಸನಾಳವನ್ನು ಬಿಗಿಯುವುದರಲ್ಲಿ ಲ್ಯೂಕೊಟ್ರೈನ್ ಎಂಬ ಬೇರೆ ರಾಸಾಯನಿಕಗಳದು ದೊಡ್ಡ ಪಾಲು. ಹೆಜ್ಜೇನು ಕಚ್ಚಿದಾಗ, ಪೆನಿಸಿಲಿನ್ ಚುಚ್ಚಿದಾಗ ಕೆಲವರಲ್ಲಿ ಇಡೀ ದೇಹದ ಮಾಸ್ಟ್ ಕೋಶಗಳು ಒಟ್ಟಿಗೇ ಸಿಡಿಯುತ್ತವೆ: ಗಂಟಲು ಊದಿ ಉಸಿರು ಕಟ್ಟುತ್ತದೆ, ರಕ್ತದೊತ್ತಡ ನೆಲ ಕಚ್ಚುತ್ತದೆ. ಅಲ್ಲಿ ಏವಿಲ್ ಚುಚ್ಚಿ ಕಾಯುವುದು ಜೀವಕ್ಕೆ ಎರವಾಗುವ ತಪ್ಪು. ಬೇಕಾದದ್ದು ತಕ್ಷಣ ತೊಡೆಯ ಸ್ನಾಯುವಿಗೆ ಅಡ್ರಿನಲಿನ್, ವಯಸ್ಕರಿಗೆ 0.5 ಮಿಲಿಗ್ರಾಂ. ಅದು ತನ್ನದೇ ಗ್ರಾಹಕಗಳ ಮೂಲಕ ರಕ್ತನಾಳವನ್ನು ಬಿಗಿದು, ಶ್ವಾಸನಾಳವನ್ನು ಬಿಚ್ಚಿ, ಮಾಸ್ಟ್ ಕೋಶಗಳನ್ನೂ ತಣಿಸುತ್ತದೆ. ಆಂಟಿಹಿಸ್ಟಮಿನ್ನಿನ ಸರದಿ ಆಮೇಲೆ, ಉಳಿದ ತುರಿಕೆ ದದ್ದುಗಳಿಗೆ.

ಜಠರದ ಕಥೆ ಬೇರೆ. ಹಿಸ್ಟಮಿನ್ ಚುಚ್ಚಿದರೆ ಆಮ್ಲ ಉಕ್ಕುತ್ತದೆ, ಆದರೆ ಅಂದಿನ ಯಾವ ಆಂಟಿಹಿಸ್ಟಮಿನ್ ಕೊಟ್ಟರೂ ಅದು ನಿಲ್ಲುತ್ತಿರಲಿಲ್ಲ. ಹಾಗಾದರೆ ಜಠರದಲ್ಲಿ ಇನ್ನೊಂದೇ ಗ್ರಾಹಕ ಇರಬೇಕು ಎಂದು ಜೇಮ್ಸ್ ಬ್ಲ್ಯಾಕ್ ನಂಬಿದರು. 1964ರಿಂದ ಇಂಗ್ಲೆಂಡಿನಲ್ಲಿ ಅವರ ತಂಡ ಹಿಸ್ಟಮಿನ್ ಅಣುವನ್ನೇ ಚೂರುಚೂರು ಬದಲಿಸುತ್ತ ಹೋಯಿತು. ವರ್ಷಗಟ್ಟಲೆ ಏನೂ ದಕ್ಕಲಿಲ್ಲ. 1972ರಲ್ಲಿ ಪ್ರಕಟವಾದ ಬ್ಯೂರಿಮಮೈಡ್ ಎಚ್2 ಗ್ರಾಹಕ ಇದೆ ಎಂದು ಸಾಬೀತು ಮಾಡಿತು, ಬಾಯಿಯಿಂದ ಕೊಟ್ಟರೆ ಮಾತ್ರ ಸರಿಯಾಗಿ ಹೀರಲ್ಪಡಲಿಲ್ಲ. ಮುಂದಿನ ಮೆಟಿಯಮೈಡ್ ಕೆಲವು ರೋಗಿಗಳ ಬಿಳಿರಕ್ತಕಣಗಳನ್ನು ಇಳಿಸಿತು. ಅದರ ಗಂಧಕದ ಭಾಗವನ್ನು ತೆಗೆದು ರಚಿಸಿದ ಸಿಮೆಟಿಡೀನ್ 1976ರಲ್ಲಿ ಮಾರುಕಟ್ಟೆಗೆ ಬಂತು. ಹೊಟ್ಟೆಹುಣ್ಣಿಗೆ ಜಠರವನ್ನೇ ಕತ್ತರಿಸುತ್ತಿದ್ದ ಶಸ್ತ್ರಚಿಕಿತ್ಸೆಗಳು ಅಲ್ಲಿಂದ ಇಳಿಮುಖವಾದವು. 1988ರಲ್ಲಿ ಬ್ಲ್ಯಾಕ್ ನೊಬೆಲ್ ಪಡೆದರು.

ಸಿಮೆಟಿಡೀನ್ ಕೆಲವು ಗಂಡಸರಲ್ಲಿ ಎದೆ ಊದಿಸುತ್ತಿತ್ತು, ಬೇರೆ ಮದ್ದುಗಳ ವಿಲೇವಾರಿಯನ್ನೂ ತಡೆಯುತ್ತಿತ್ತು. ಈ ತೊಂದರೆ ಇಲ್ಲದ ರಾನಿಟಿಡೀನ್ 1981ರಲ್ಲಿ ಬಂತು. ರಾಂಟಾಕ್, ಜಿನೆಟಾಕ್ ಎಂದು ಇಲ್ಲಿ ಮನೆಮಾತಾದದ್ದು ಅದೇ. ಅದರಲ್ಲಿ ಕ್ಯಾನ್ಸರ್ ತರಬಹುದಾದ ಎನ್‌ಡಿಎಂಎ ಎಂಬ ಕಲ್ಮಶ, ಸಂಗ್ರಹದ ಕಾಲ ಮತ್ತು ಬಿಸಿ ಹೆಚ್ಚಿದಂತೆ ಏರುವುದು ತಿಳಿದು 2020ರಲ್ಲಿ ಅಮೆರಿಕ ಅದನ್ನು ಹಿಂತೆಗೆಸಿತು. 2022ರ ಭಾರತದ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಿಂದಲೂ ಅದು ಹೊರಗುಳಿಯಿತು. ಫ್ಯಾಮೊಟಿಡೀನಿಗೆ ಈ ದೋಷವಿಲ್ಲ. ಇಂದು ಹೆಚ್ಚಿನ ವೈದ್ಯರು ಬರೆಯುವ ಪ್ಯಾಂಟೊಪ್ರಜೋಲ್ ಬೇರೆ ಜಾತಿಯದು; ಅದು ಹಿಸ್ಟಮಿನ್ನನ್ನು ಬಿಟ್ಟು ಆಮ್ಲ ಸುರಿಯುವ ಪಂಪನ್ನೇ ನಿಲ್ಲಿಸುತ್ತದೆ.

ಪ್ರೊಸ್ಟಗ್ಲಾಂಡಿನ್‌ಗಳಿಗೆ ದಾಸ್ತಾನಿಲ್ಲ. ಕೋಶಕ್ಕೆ ಪೆಟ್ಟಾದಾಗ, ಸೂಚನೆ ಬಂದಾಗ, ಕೋಶದ ಹೊದಿಕೆಯ ಕೊಬ್ಬಿನಿಂದ ಅರಾಕಿಡೋನಿಕ್ ಆಮ್ಲ ಬಿಡುಗಡೆಯಾಗುತ್ತದೆ. ಕಾಕ್ಸ್ ಎಂಬ ಕಿಣ್ವ ಅದನ್ನು ಪ್ರೊಸ್ಟಗ್ಲಾಂಡಿನ್ ಆಗಿಸುತ್ತದೆ. 1930ರ ದಶಕದಲ್ಲಿ ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ವೀರ್ಯದ್ರವದಲ್ಲಿ ಗುರುತಿಸಿದ ಈ ವಸ್ತುಗಳ ರಚನೆಯನ್ನು ಬಿಡಿಸಿದವರು ಸೂನೆ ಬೆರಿಸ್ಟ್ರಾಮ್ ಮತ್ತು ಬೆಂಕ್ಟ್ ಸಾಮ್ಯುಯೆಲ್ಸನ್. 1899ರಿಂದ ಮಾರಾಟದಲ್ಲಿದ್ದ ಆಸ್ಪಿರಿನ್ ಕೆಲಸ ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1971ರಲ್ಲಿ: ಅದು ಪ್ರೊಸ್ಟಗ್ಲಾಂಡಿನ್ ತಯಾರಿಕೆಯನ್ನೇ ನಿಲ್ಲಿಸುತ್ತದೆ ಎಂದು ಲಂಡನ್ನಿನ ಜಾನ್ ವೇನ್ ತೋರಿಸಿದರು. ಬೆರಿಸ್ಟ್ರಾಮ್, ಸಾಮ್ಯುಯೆಲ್ಸನ್, ವೇನ್ ಮೂವರೂ 1982ರ ನೊಬೆಲ್ ಹಂಚಿಕೊಂಡರು.

ಗಾಯದ ಜಾಗದಲ್ಲಿ ಪ್ರೊಸ್ಟಗ್ಲಾಂಡಿನ್ ನರದ ತುದಿಗಳನ್ನು ಹರಿತಗೊಳಿಸುತ್ತದೆ. ಮೆಲ್ಲಗೆ ಮುಟ್ಟಿದರೂ ನೋಯುವುದು ಅದಕ್ಕೆ. ಮಿದುಳಿನಲ್ಲಿ ಜ್ವರ ಏರಿಸುತ್ತದೆ, ಮುಟ್ಟಿನ ದಿನಗಳಲ್ಲಿ ಗರ್ಭಕೋಶವನ್ನು ಹಿಂಡುತ್ತದೆ. ಮೆಫನಮಿಕ್ ಆಮ್ಲದ ಮಾತ್ರೆಯನ್ನು ನೋವು ಶುರುವಾಗುತ್ತಿದ್ದಂತೆಯೇ, ಊಟದ ಜೊತೆ ನುಂಗಬೇಕೆನ್ನುವುದು ತಯಾರಿಕೆಯನ್ನೇ ಮೊದಲು ತಡೆಯಲೆಂದು. ಆದರೆ ಜಠರದ ಒಳಗೋಡೆಗೆ ಲೋಳೆಯ ಕಾಪು ಕೊಡುವುದೂ, ದೇಹದಲ್ಲಿ ನೀರು ಕಡಿಮೆಯಾದಾಗ ಕಿಡ್ನಿಗೆ ರಕ್ತ ಹರಿಯುತ್ತಿರುವಂತೆ ನೋಡಿಕೊಳ್ಳುವುದೂ ಪ್ರೊಸ್ಟಗ್ಲಾಂಡಿನ್ನೇ. ಮಂಡಿನೋವಿಗೆಂದು ತಿಂಗಳುಗಟ್ಟಲೆ ಡೈಕ್ಲೊಫೆನಾಕ್ ನುಂಗುವ ಹಿರಿಯರಲ್ಲಿ ಹೊಟ್ಟೆಹುಣ್ಣು ಒಡೆದು ಮಲ ಕಪ್ಪಾಗುವುದು, ಕಾಲು ಊದುವುದು, ರಕ್ತದೊತ್ತಡ ಏರುವುದು ಇದರಿಂದ. ಭೇದಿಯಾಗಿ ಸೊರಗಿದವರು, ರಕ್ತದೊತ್ತಡಕ್ಕೆ ಕೆಲವು ಬಗೆಯ ಮಾತ್ರೆ ಮತ್ತು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತಿರುವವರು ಇದನ್ನೂ ಸೇರಿಸಿಕೊಂಡರೆ ಕಿಡ್ನಿ ಕೆಲವೇ ದಿನಗಳಲ್ಲಿ ಸೋಲಬಹುದು.

ಆಸ್ಪಿರಿನ್ ಉಳಿದವುಗಳ ಹಾಗಲ್ಲ. ಅದು ಕಾಕ್ಸ್ ಕಿಣ್ವಕ್ಕೆ ಅಂಟಿ ಶಾಶ್ವತವಾಗಿ ಕೆಡಿಸುತ್ತದೆ. ಬೇರೆ ಕೋಶಗಳು ಹೊಸ ಕಿಣ್ವ ತಯಾರಿಸಿಕೊಳ್ಳುತ್ತವೆ; ಕೋಶಕೇಂದ್ರವಿಲ್ಲದ ಪ್ಲೇಟ್‌ಲೆಟ್‌ಗಳಿಗೆ ಅದು ಆಗದು. ತನ್ನ 7ರಿಂದ 10 ದಿನದ ಆಯುಷ್ಯ ಮುಗಿಯುವವರೆಗೂ ಆ ಪ್ಲೇಟ್‌ಲೆಟ್ ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಾಕ್ಸೇನ್ ತಯಾರಿಸದು. ಹೃದಯಾಘಾತ ಆದವರಿಗೆ ದಿನಕ್ಕೆ 75 ಮಿಲಿಗ್ರಾಂ ಸಾಕಾಗುವುದು ಹೀಗೆ. ಐಬುಪ್ರೊಫೆನ್ ಮೊದಲು ನುಂಗಿದರೆ ಅದು ಕಿಣ್ವದ ಆ ಜಾಗವನ್ನು ಹಿಡಿದಿಟ್ಟು ಆಸ್ಪಿರಿನ್ನಿಗೆ ದಾರಿ ಬಿಡದು. ಡೆಂಗ್ಯೂ ಸಂಶಯವಿರುವ ಜ್ವರಕ್ಕೆ ಇವೆರಡೂ ಬೇಡ, ಪ್ಯಾರಸಿಟಮಾಲ್ ಮಾತ್ರ ಎಂದು ಮಳೆಗಾಲದಲ್ಲಿ ವೈದ್ಯರು ಹೇಳುವುದು ರಕ್ತಸ್ರಾವದ ಹೆದರಿಕೆಯಿಂದ. ಉಬ್ಬಸ ಇರುವ ಕೆಲವರಲ್ಲಿ ಕಾಕ್ಸ್ ದಾರಿ ಮುಚ್ಚಿದಾಗ ಲ್ಯೂಕೊಟ್ರೈನ್ ಹೆಚ್ಚಾಗಿ, ಒಂದೇ ನೋವಿನ ಮಾತ್ರೆಗೆ ಉಸಿರು ಕಟ್ಟುತ್ತದೆ.

1990ರ ದಶಕದ ಆರಂಭದಲ್ಲಿ ಕಾಕ್ಸ್ ಎರಡು ಬಗೆ ಎಂದು ತಿಳಿಯಿತು: ಜಠರ ಮತ್ತು ಪ್ಲೇಟ್‌ಲೆಟ್‌ಗಳಲ್ಲಿ ಸದಾ ಇರುವುದು ಒಂದು, ಉರಿಯೂತದಲ್ಲಿ ಹೆಚ್ಚುವುದು ಇನ್ನೊಂದು. ಎರಡನೆಯದನ್ನಷ್ಟೇ ತಡೆದರೆ ಹೊಟ್ಟೆ ಉಳಿಯುತ್ತದೆ ಎಂಬ ಲೆಕ್ಕ ಅರ್ಧ ನಿಜವಾಯಿತು. ರಕ್ತನಾಳದ ಗೋಡೆ ಹೆಪ್ಪು ತಡೆಯಲು ತಯಾರಿಸುವ ಪ್ರೊಸ್ಟಸೈಕ್ಲಿನ್ ಕೂಡ ಎರಡನೆಯ ಕಾಕ್ಸ್‌ನದೇ ಕೆಲಸವಾಗಿತ್ತು. ಅದು ನಿಂತು ಥ್ರಾಂಬಾಕ್ಸೇನ್ ಮಾತ್ರ ಉಳಿಯಿತು. ಹೃದಯಾಘಾತಗಳು ಹೆಚ್ಚಿದ್ದರಿಂದ ಎರಡನೆಯ ಕಾಕ್ಸನ್ನಷ್ಟೇ ತಡೆಯುವ ರೋಫೆಕಾಕ್ಸಿಬ್ 2004ರ ಸೆಪ್ಟೆಂಬರಿನಲ್ಲಿ ಜಗತ್ತಿನಾದ್ಯಂತ ಹಿಂತೆಗೆಯಲ್ಪಟ್ಟಿತು.

ಕಾಕ್ಸ್ ತಡೆಯುವ ಗುಂಪಿನ ಇನ್ನೊಂದು ಮದ್ದು ಮನುಷ್ಯರಾಚೆಗೂ ಹಾನಿ ಮಾಡಿತು. ದನಗಳ ನೋವಿಗೆ ಕೊಟ್ಟ ಡೈಕ್ಲೊಫೆನಾಕ್ ಸತ್ತ ದನದ ಮಾಂಸದಲ್ಲಿ ಉಳಿದು, ತಿಂದ ರಣಹದ್ದುಗಳ ಕಿಡ್ನಿ ಕೆಡಿಸಿ, ಒಳಾಂಗಗಳ ಮೇಲೆಲ್ಲ ಯೂರಿಕ್ ಆಮ್ಲದ ಬಿಳಿಪುಡಿ ಹರಡಿತು. 2004ರಲ್ಲಿ ಕಾರಣ ಪತ್ತೆಯಾಗುವ ಹೊತ್ತಿಗೆ ಭಾರತದ ಮೂರು ಜಾತಿಯ ರಣಹದ್ದುಗಳು ಬಹುಪಾಲು ಅಳಿದಿದ್ದವು. 2006ರಲ್ಲಿ ಜಾನುವಾರು ಬಳಕೆಯ ಡೈಕ್ಲೊಫೆನಾಕ್ ನಿಷೇಧವಾಯಿತು, ರಣಹದ್ದುಗಳಿಗೆ ಅಪಾಯವಿಲ್ಲದ ಮೆಲಾಕ್ಸಿಕಾಂ ಬದಲಿಗೆ ಬಂತು. ಉದ್ದ ಕೊಕ್ಕಿನ ರಣಹದ್ದುಗಳು ಬಂಡೆಗಳಲ್ಲಿ ಗೂಡು ಕಟ್ಟುವ ರಾಮನಗರದ ರಾಮದೇವರಬೆಟ್ಟವನ್ನು ರಣಹದ್ದು ಧಾಮವಾಗಿ 2012ರಲ್ಲಿ ಘೋಷಿಸಲಾಯಿತು.

ಪ್ರೊಸ್ಟಗ್ಲಾಂಡಿನ್ನನ್ನೇ ಮದ್ದಾಗಿ ಕೊಡುವುದೂ ಉಂಟು. ನೋವಿನ ಮಾತ್ರೆಯಿಂದ ಆಗುವ ಹುಣ್ಣು ತಡೆಯಲು ತಯಾರಾದ ಮಿಸೊಪ್ರೊಸ್ಟಾಲ್ ಗರ್ಭಕೋಶವನ್ನು ಬಲವಾಗಿ ಸಂಕುಚಿಸುತ್ತದೆ. ಆ ಗುಣವೇ ಈಗ ಅದರ ಮುಖ್ಯ ಉಪಯೋಗ: ಹೆರಿಗೆಯ ನಂತರದ ರಕ್ತಸ್ರಾವ ನಿಲ್ಲಿಸಲು, ವೈದ್ಯರ ಮೇಲ್ವಿಚಾರಣೆಯ ಗರ್ಭಪಾತಕ್ಕೆ. ಫ್ರಿಜ್ಜಿಲ್ಲದೆಯೂ ಕೆಡದ ಮಾತ್ರೆಯಾದ್ದರಿಂದ ದೂರದ ಹಳ್ಳಿಗಳಲ್ಲಿ ತಾಯಂದಿರ ಜೀವ ಉಳಿಸುವುದರಲ್ಲಿ ಇದಕ್ಕೆ ದೊಡ್ಡ ಬೆಲೆಯಿದೆ. ಅದೇ ರಕ್ತಸ್ರಾವಕ್ಕೆ ಚುಚ್ಚುವ ಕಾರ್ಬೊಪ್ರೊಸ್ಟನ್ನು ಫ್ರಿಜ್ಜಿನಲ್ಲಿ ಇಡಬೇಕು, ಉಬ್ಬಸ ಇರುವವರಿಗೆ ಕೊಡಬಾರದು. ಗ್ಲಾಕೋಮಾ ಇರುವವರು ರಾತ್ರಿ ಒಂದು ತೊಟ್ಟು ಹಾಕಿಕೊಳ್ಳುವ ಲಟಾನೊಪ್ರೊಸ್ಟ್ ಕಣ್ಣಿನ ನೀರನ್ನು ಹೊರಹರಿಸಿ ಒತ್ತಡ ಇಳಿಸುತ್ತದೆ, ಜೊತೆಗೆ ರೆಪ್ಪೆಗೂದಲನ್ನು ಉದ್ದ ಬೆಳೆಸುತ್ತದೆ.

ಗರ್ಭದಲ್ಲಿರುವ ಶಿಶುವಿನ ರಕ್ತ ಶ್ವಾಸಕೋಶಕ್ಕೆ ಹೆಚ್ಚು ಹೋಗದೆ ಒಂದು ಅಡ್ಡನಾಳದ ಮೂಲಕ ಹರಿಯುತ್ತದೆ. ಆ ನಾಳವನ್ನು ತೆರೆದಿಡುವುದರಲ್ಲಿ ಪ್ರೊಸ್ಟಗ್ಲಾಂಡಿನ್‌ಗೆ ಮುಖ್ಯ ಪಾತ್ರವಿದೆ. ಕೊನೆಯ ತಿಂಗಳುಗಳಲ್ಲಿ ಬಸುರಿಯರಿಗೆ ನೋವಿನ ಮಾತ್ರೆ ಬೇಡವೆನ್ನಲು ಇದೂ ಒಂದು ಕಾರಣ. ಅವಧಿಗೆ ಮುನ್ನ ಹುಟ್ಟಿದ ಶಿಶುವಿನಲ್ಲಿ ನಾಳ ಮುಚ್ಚದೆ ಉಳಿದರೆ ಇಂಡೊಮೆಥಸಿನ್ ಅಥವಾ ಐಬುಪ್ರೊಫೆನ್ ಕೊಟ್ಟು ಮುಚ್ಚಿಸುತ್ತಾರೆ. ಹೃದಯದ ರಚನೆಯಲ್ಲೇ ದೋಷವಿದ್ದು ಆ ನಾಳದ ಮೇಲೆಯೇ ಬದುಕಿರುವ, ಮೈ ನೀಲಿಗಟ್ಟಿದ ಶಿಶುವಿಗೆ ಆಲ್‌ಪ್ರೊಸ್ಟಡಿಲ್ ಹನಿಹನಿಯಾಗಿ ಕೊಟ್ಟು ಶಸ್ತ್ರಚಿಕಿತ್ಸೆಯವರೆಗೆ ತೆರೆದಿಡುತ್ತಾರೆ. ಅದು ಶಿಶುವಿನ ಉಸಿರನ್ನು ತಡೆಯಬಹುದಾದ್ದರಿಂದ ಕೃತಕ ಉಸಿರಾಟದ ಯಂತ್ರ ಪಕ್ಕದಲ್ಲೇ ಸಿದ್ಧವಿರಬೇಕು.